ಗಡ್ಡದ ಓತಿಗೆ ಗಾಜಿನ ಮನೆ

ಕಟ್ಟಣ್ಣನಿಗೆ ಹಲ್ಲಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಫೋಟೋಗಳಿಗೆ ಕಟ್ಟು ಹಾಕುವ ಕಸುಬಿನವನಿಗೆ ಇದಕ್ಕಿಂತ ಅನ್ಯಾಯದ ಹೆದರಿಕೆ ಇನ್ನೊಂದಿಲ್ಲ. ಗೋಡೆಗೆ ತೂಗುಹಾಕಿದ ಫೋಟೋ ಎಂದಮೇಲೆ ಅದರ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿಯೇ ಇರುತ್ತದೆ. ರಿಪೇರಿಗೆ ಬಂದ ಹಳೆಯ ಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಂಬದಿಯ ರಟ್ಟು ಬಿಚ್ಚುವ ಮೊದಲು ಅವನು ಸ್ಕ್ರೂಡ್ರೈವರಿನ ಹಿಡಿಯಿಂದ ಟಕಟಕ ಬಡಿದು, ಹಿಂದೆ ಸರಿದು, ಕುತ್ತಿಗೆಯನ್ನು ಮಾತ್ರ ಮುಂದೆ ಚಾಚಿ ನೋಡುತ್ತಿದ್ದ. ಪಕ್ಕದ ಬೀಗದ ಅಂಗಡಿಯವನು ಇದನ್ನು ನೋಡಿ ನೋಡಿ, "ಬಾಗಿಲು ತಟ್ಟಿ ಒಳಗೆ ಹೋಗೋ ಮರ್ಯಾದಸ್ಥ ನೀನೊಬ್ಬನೇ ಕಣಯ್ಯಾ" ಎಂದು ಆಡಿಕೊಳ್ಳುತ್ತಿದ್ದ. ಕಟ್ಟಣ್ಣ ಎಂದು ಹೆಸರಿಟ್ಟವನೂ ಅವನೇ. ಇಂಥ ಕಟ್ಟಣ್ಣ ಮೊಳದುದ್ದ ಬೆಳೆಯುವ ಓತಿಕ್ಯಾತವನ್ನು ಮನೆಯಲ್ಲಿ ಸಾಕಲು ಹೊರಟ. ಅದಕ್ಕೂ ಮೊದಲು ಒಂದು ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಸಾಕಿದವನಲ್ಲ.

ಕೆಲಸದಲ್ಲಿ ಅವನನ್ನು ಸರಿಗಟ್ಟುವವರಿರಲಿಲ್ಲ. ಮರದ ಪಟ್ಟಿಗಳು ಕೂಡುವ ಮೂಲೆಯಲ್ಲಿ ಉಗುರು ಇಳಿಯುವಷ್ಟೂ ಸಂದಿ ಬಿಡುತ್ತಿರಲಿಲ್ಲ. ಗಾಜಿನ ಒಳಗೆ ಒಂದು ಧೂಳಿನ ಕಣ ಉಳಿದರೂ ಮತ್ತೆ ಪೂರ್ತಿ ಬಿಚ್ಚಿ, ಒರೆಸಿ, ಹೊಸದಾಗಿ ಕಟ್ಟುತ್ತಿದ್ದ. ಗಾಜಿಲ್ಲದ ಕಟ್ಟು ಹಲ್ಲಿಲ್ಲದ ಬಾಯಿ ಎನ್ನುವುದು ಕೆಲಸ ಕಲಿಸಿದ ಗುರುವಿನ ಮಾತು. ಇವನಿಗೆ ಅದೇ ವೇದವಾಕ್ಯ. ಕೈಯೇನೋ ಚಿನ್ನದಂಥದು, ಕಿವಿ ಮಾತ್ರ ಕನ್ನಡಕ ಸಿಕ್ಕಿಸುವುದಕ್ಕಷ್ಟೇ ಇದ್ದದ್ದು. ಎದುರಿಗೆ ಯಾರು ಕೂತು ಏನು ಹೇಳುತ್ತಿದ್ದರೂ ಅವನ ಕಣ್ಣು ಅವರ ತಲೆಯ ಮೇಲಿನ ಗೋಡೆಗೆ ಹೋಗುತ್ತಿತ್ತು. ಆ ಕಟ್ಟು ಸೊಟ್ಟಗೆ ತೂಗುತ್ತಿದೆ, ಈ ರಟ್ಟು ತೇವಕ್ಕೆ ಉಬ್ಬಿದೆ, ಯಾವನೋ ದಡ್ಡ ಇಲ್ಲಿ ಮೊಳೆ ಹೊಡೆದಿದ್ದಾನೆ. ಬಾಯಲ್ಲಿ ಹೂಂ ಹೂಂ ಎನ್ನುವುದೇನೋ ನಡೆದೇ ಇರುತ್ತಿತ್ತು. ಹೆಂಡತಿ ಒಂದು ದಿನ, "ನಿಮ್ಮ ಜೊತೆ ಮಾತಾಡ್ಬೇಕು ಅಂದ್ರೆ ನಾನೂ ಫೋಟೋ ಆಗಿ ಗೋಡೆ ಮೇಲೆ ನೇತಾಡ್ಬೇಕು" ಎಂದಳು. ಅವನು ನಕ್ಕ. ಅವಳು ನಗಲಿಲ್ಲ ಎನ್ನುವುದನ್ನು ಅವನು ಗಮನಿಸಿರಲೂ ಇಲ್ಲ.

ಅವನು ಕುಡಿದವನಲ್ಲ, ಹೊಡೆದವನಲ್ಲ, ದುಡಿದು ತಂದು ಹಾಕಿದವನು. ಆದರೂ ಒಂದು ದಿನ ಅವಳು ಮಗಳನ್ನು ಕರೆದುಕೊಂಡು ಊರಿನ ಆ ತುದಿಯಲ್ಲಿ ಬಾಡಿಗೆ ಮನೆ ಹಿಡಿದಳು. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೌಂಟರಿನ ಕೆಲಸ ಅವಳದು. ಯಾರ ಮುಂದೆಯೂ ಕೈ ಚಾಚಲಿಲ್ಲ. ಜಗಳ ಆಡಿ ಹೋಗಿದ್ದರೆ ಅವನಿಗೆ ಅರ್ಥವಾಗುತ್ತಿತ್ತೋ ಏನೋ. ಹೋಗುವ ಮುಂಚಿನ ಒಂದು ವರ್ಷ ಅವಳು ಯಾವುದಕ್ಕೂ ಎದುರಾಡಿರಲಿಲ್ಲ. ಹೇಳಿದ್ದಕ್ಕೆಲ್ಲ "ಆಯ್ತು, ಚೆನ್ನಾಗಿದೆ" ಎನ್ನುತ್ತಿದ್ದಳು. ಸಂಸಾರ ಒಂದು ದಾರಿಗೆ ಬಂತು ಎಂದು ಕಟ್ಟಣ್ಣ ಆಗ ನೆಮ್ಮದಿಯಿಂದಿದ್ದ, ಪಾಪ.

ಮಗಳು ಆರನೇ ಕ್ಲಾಸಿನವಳು. ಶನಿವಾರ ಬಂದು ಭಾನುವಾರ ಸಂಜೆ ಬಸ್ಸು ಹತ್ತುವುದೆಂದು ದೊಡ್ಡವರ ನಡುವೆ ಮಾತಾಗಿತ್ತು. ಅಂಗಡಿಯ ಮೇಲಿನ ಮನೆಯಲ್ಲಿ ಅವಳಿಗೆಂದೇ ಒಂದು ಕೋಣೆ ಇತ್ತು. ಅವರು ಹೋದ ಮೇಲೆ ಕಟ್ಟಣ್ಣ ಆ ಕೋಣೆಯ ಗೋಡೆಗಳಿಗೆ ಹಳೆಯ ಫೋಟೋಗಳನ್ನೆಲ್ಲ ಕಟ್ಟು ಹಾಕಿ ತೂಗುಹಾಕಿದ: ಹುಟ್ಟಿದಾಗಿನದು, ಹಲ್ಲು ಬಂದಾಗಿನದು, ಮೊದಲ ಸಲ ಸ್ಕೂಲಿಗೆ ಹೋದದ್ದು. ಮಂಚದ ತಲೆಯ ಕಡೆ ಎಲ್ಲಕ್ಕಿಂತ ದೊಡ್ಡದು, ಮೂವರೂ ಕೂತು ನಗುತ್ತಿರುವುದು. ಎಲ್ಲಕ್ಕೂ ಅಂಗಡಿಯ ಒಳ್ಳೆಯ ಗಾಜು. ಇಷ್ಟೊಂದು ಫೋಟೋ ಯಾಕಪ್ಪ ಎಂದು ಅವಳು ಒಂದು ಸಲ ಕೇಳಿದ್ದಳು. ಅವನು ಆ ದೊಡ್ಡ ಕಟ್ಟಿನ ಮರ ಎಲ್ಲಿಂದ ಬಂತು ಎಂದು ವಿವರಿಸಿದ್ದ.

ಮೊದಮೊದಲು ಕುಣಿಯುತ್ತ ಬರುತ್ತಿದ್ದವಳು ಈ ವರ್ಷ ನೆಪ ಹೇಳತೊಡಗಿದಳು. ಒಂದು ವಾರ ಪರೀಕ್ಷೆ, ಇನ್ನೊಂದು ವಾರ ಹೊಟ್ಟೆನೋವು, ಮತ್ತೊಂದು ವಾರ ಗೆಳತಿಯ ಹುಟ್ಟುಹಬ್ಬ. ಬಂದರೂ ರಾತ್ರಿ ಉಳಿಯದೆ ಸಂಜೆಗೇ ಹೊರಟುಬಿಡುತ್ತಿದ್ದಳು. ಕಟ್ಟಣ್ಣನ ಎದೆಯೊಳಗೆ ಒಂದು ಹುಳ ಕೊರೆಯಲು ಶುರುವಾಯಿತು. ಹೆಂಡತಿ ಹೋದದ್ದು ಹೋಯಿತು. ಇವಳೂ ಒಂದು ಶನಿವಾರ ಬರುವುದನ್ನು ನಿಲ್ಲಿಸಿಬಿಟ್ಟರೆ ಆಮೇಲೆ ಈ ಮನೆಯಲ್ಲಿ ಉಳಿಯುವುದು ಫೋಟೋಗಳು ಮಾತ್ರ. ಆ ಹೆದರಿಕೆಯ ಮುಂದೆ ಹಲ್ಲಿಯ ಹೆದರಿಕೆ ಏನೂ ಅಲ್ಲ.

ಅಂಥ ಹೊತ್ತಿನಲ್ಲಿ ಅವಳೇ ಬಾಯಿ ಬಿಟ್ಟು ಒಂದು ಕೇಳಿದಳು. ಅಮ್ಮನ ಮನೆಯ ಹತ್ತಿರದ ಕಟಿಂಗ್ ಶಾಪಿನವನು ಗಡ್ಡದ ಓತಿಕ್ಯಾತ ಸಾಕಿದ್ದಾನೆ, ಈಗ ಮರಿ ಆಗಿವೆ, ಒಳ್ಳೆಯವರು ಸಿಕ್ಕರೆ ಒಂದು ಕೊಡುತ್ತಾನಂತೆ. ಅಮ್ಮನ ಮನೆಯ ಮಾಲೀಕರು ಪ್ರಾಣಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಇಲ್ಲಿ ಇಟ್ಟುಕೊಳ್ಳಬಹುದಾ, ನಾನು ಪ್ರತಿ ಶನಿವಾರ ಬಂದು ನೋಡಿಕೊಳ್ಳುತ್ತೀನಿ. ಕಟ್ಟಣ್ಣನ ಕಿವಿಗೆ ಬಿದ್ದದ್ದು 'ಪ್ರತಿ ಶನಿವಾರ' ಎನ್ನುವುದೊಂದೇ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ ಅವನದು, ತರೋಣ ಎಂದುಬಿಟ್ಟ. ಓತಿಕ್ಯಾತ ಎಂದರೆ ಹಲ್ಲಿಯ ದೊಡ್ಡಪ್ಪ ಎಂದು ಹೊಳೆದದ್ದು ಅವಳು ಬಸ್ಸು ಹತ್ತಿ ಹೋದ ಮೇಲೆ.

ಕಟಿಂಗ್ ಶಾಪಿನವನು ಮಾತಿನ ಮಲ್ಲ. ಕನ್ನಡಿಯ ಕೆಳಗೆ ಉದ್ದನೆಯ ಪೆಟ್ಟಿಗೆ, ಮೇಲೆ ಎರಡು ದೀಪ, ಒಳಗೆ ಮರಳಿನ ಬಣ್ಣದ ಪ್ರಾಣಿಗಳು. ಗಂಟಲ ಕೆಳಗೆ ಮುಳ್ಳುಮುಳ್ಳಾದ ಚರ್ಮ; ಸಿಟ್ಟು ಬಂದರೆ ಅದೇ ಉಬ್ಬಿ ಕಪ್ಪಗಾಗುತ್ತದಂತೆ. "ನಾನು ಕತ್ತರಿ ಹಾಕದೆ ಬಿಟ್ಟಿರೋ ಗಡ್ಡ ಇದೊಂದೇ ಸಾರ್" ಎಂದು ಬಂದವರಿಗೆಲ್ಲ ಹೇಳುವ ಜೋಕನ್ನು ಇವನಿಗೂ ಹೇಳಿದ. ಅವನದು ಒಂದೇ ಹಟ: ಮೊದಲು ಮನೆ, ಆಮೇಲೆ ಮರಿ. ಪೆಟ್ಟಿಗೆ ತಯಾರಾಗಬೇಕು, ದೀಪಗಳು ಕೆಲವು ದಿನ ಉರಿದು ಒಳಗಿನ ಕಾವು ಒಂದು ಹದಕ್ಕೆ ನಿಲ್ಲಬೇಕು, ಅದಾದ ಮೇಲೆಯೇ ಮರಿಯ ಮಾತು. ಕಾವಿಗೆ ಒಂದು ಬಲ್ಬು. ಬಿಸಿಲಿಗೆ ಬೇರೆಯೇ ಒಂದು ಟ್ಯೂಬು. ಆ ಟ್ಯೂಬಿನ ಬಿಸಿಲು ಮೈಗೆ ನೇರವಾಗಿ ಬೀಳದಿದ್ದರೆ ಇವುಗಳ ಮೂಳೆ ಮೇಣವಾಗಿ ಹೋಗುತ್ತದೆ. ತಿನ್ನುತ್ತದೆ, ಓಡಾಡುತ್ತದೆ, ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಒಂದು ದಿನ ನೋಡಿದರೆ ದವಡೆ ಮೆತ್ತಗಾಗಿರುತ್ತದೆ, ಕಾಲು ಸೊಟ್ಟಗಾಗಿರುತ್ತದೆ. ಮಗಳು ಪಕ್ಕದಲ್ಲಿ ನಿಂತು ಪ್ರತಿ ಮಾತಿಗೂ ತಲೆ ಆಡಿಸುತ್ತ, ಅವನು ಬಿಟ್ಟದ್ದನ್ನು ತಾನು ಸೇರಿಸುತ್ತಿದ್ದಳು. ಸ್ಕೂಲು ಬಿಟ್ಟ ಮೇಲೆ ಇಲ್ಲೇ ಬಂದು ಕೂತು ಎಲ್ಲ ಕಲಿತಿದ್ದಳು ಎಂದು ಕಾಣುತ್ತದೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂದು ಕಟ್ಟಣ್ಣ ಮನಸ್ಸಿನಲ್ಲೇ ನಕ್ಕ.

ಅಷ್ಟು ಹೊತ್ತೂ ಅವನ ಕಣ್ಣು ಎಲ್ಲಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಶಾಪಿನ ದೊಡ್ಡ ಕನ್ನಡಿಯ ಕಟ್ಟು ಕೆಳಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಅಂಟು ಹಾಕಿ ಮೇಲೆ ಮೊಳೆ ಹೊಡೆದಿದ್ದರು, ಅದೂ ತುಕ್ಕು ಹಿಡಿದ ಮೊಳೆ. ಒಂದೇ ಒಂದು ಮಾತು ಅವನ ತಲೆಯೊಳಗೆ ಇಳಿದದ್ದು, ಅದೂ ಕಣ್ಣಿಗೆ ಕಂಡದ್ದರಿಂದ. ಪೆಟ್ಟಿಗೆಯೊಳಗೆ ದೊಡ್ಡದೊಂದು ಹತ್ತಿರ ಬಂದಾಗ ಮೂಲೆಯಲ್ಲಿದ್ದ ಪುಟ್ಟ ಮರಿ ಮುಂಗಾಲು ಎತ್ತಿ ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ಬೀಸಿತು. ಟಾಟಾ ಮಾಡ್ತಿದೆ ನೋಡು ಎಂದ ಕಟ್ಟಣ್ಣ.

"ಟಾಟಾ ಅಲ್ಲಪ್ಪ ಅದು. ದೊಡ್ಡದು ಎದುರಿಗೆ ಬಂದ್ರೆ ಚಿಕ್ಕದು ಹಂಗೆ ಮಾಡುತ್ತೆ. ನಾನು ಸಣ್ಣೋನು, ನಿನ್ನ ಜೊತೆ ಜಗಳ ಬೇಡ ಅಂತ" ಎಂದಳು ಮಗಳು.

ಮನೆಗೆ ಬಂದವನೇ ಕೆಲಸಕ್ಕೆ ಇಳಿದ. ಇಷ್ಟು ಮನಸ್ಸಿಟ್ಟು ಅವನು ಮದುವೆ ಫೋಟೋಗಳಿಗೂ ಕಟ್ಟು ಹಾಕಿರಲಿಲ್ಲ. ಒಳ್ಳೆಯ ಸಾಗುವಾನಿಯ ಪಟ್ಟಿ ತೆಗೆದು ಪೆಟ್ಟಿಗೆ ಕಟ್ಟಿದ. ಮೂಲೆಗಳನ್ನು ಕೈಯಿಂದಲೇ ಉಜ್ಜಿ ನಯ ಮಾಡಿದ. ಗಾಳಿಗೆಂದು ಪಕ್ಕದ ಹಲಗೆಗಳಲ್ಲಿ ಸಾಲಾಗಿ ತೂತು ಕೊರೆದ. ಹಿಂಬದಿಗೆ ಮರಳುಗಾಡಿನ ಚಿತ್ರವೊಂದನ್ನು ಹುಡುಕಿ ತಂದು ಅಂಟಿಸಿದ. ಪ್ರಾಣಿಗೆ ತವರುಮನೆ ನೆನಪಾಗಲಿ ಎಂದು. ಮರಳು ಹಾಕಬಾರದು, ತಿಂದರೆ ಹೊಟ್ಟೆ ಕಟ್ಟುತ್ತದೆ ಎಂದು ಮಗಳು ಹೇಳಿದ್ದು ಹೇಗೋ ನೆನಪಿತ್ತು, ಟೈಲ್ಸ್ ಹಾಸಿದ. ಆಹಾರಕ್ಕೆ ಜೀವಂತ ಮಿಡತೆಗಳ ಡಬ್ಬಿ ಬಂತು, ಅದರ ಮೇಲೆ ಉದುರಿಸಲು ಕ್ಯಾಲ್ಸಿಯಂ ಪುಡಿ ಬಂತು. ಡಬ್ಬಿಯಿಂದ ಒಂದು ಮಿಡತೆ ತಪ್ಪಿಸಿಕೊಂಡು ಬೀಗದ ಅಂಗಡಿಯವನ ಅಂಗಿಯೊಳಗೆ ಹೊಕ್ಕು, ಆ ಮನುಷ್ಯ ನಡುಬೀದಿಯಲ್ಲಿ ಕುಣಿದದ್ದು ಬೇರೆಯೇ ಕಥೆ. ಗಿರಾಕಿಗಳು ಕೊಟ್ಟ ಕೆಲಸವೆಲ್ಲ ಹಿಂದೆ ಬಿತ್ತು. ಕೇಳಿದವರಿಗೆ ನಾಳೆ ಬನ್ನಿ ಎಂದ.

ಕೊನೆಗೆ ಮುಚ್ಚಳ. ಜಾಲರಿ ಹಾಕು ಅಪ್ಪ, ನಡುವೆ ಏನೂ ಅಡ್ಡ ಇರಬಾರದು ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಒಂದು ಸಲ ಅಲ್ಲ, ಮೂರು ಸಲ. ಹೂಂ ಎಂದಿದ್ದ. ಆದರೆ ಜಾಲರಿ ಎಂದರೆ ಅವನಿಗೆ ಕೋಳಿಗೂಡು ನೆನಪಾಗುತ್ತಿತ್ತು. ಇಷ್ಟು ಚೆಂದದ ಪೆಟ್ಟಿಗೆಗೆ ಕೋಳಿಗೂಡಿನ ತಲೆ ಇಡುವುದೇ? ಧೂಳು ಬೀಳುತ್ತದೆ, ಮಿಡತೆ ಹೊರಗೆ ಬರುತ್ತದೆ. ಮತ್ತೆ ನಿಜ ಹೇಳಬೇಕೆಂದರೆ, ಆ ಪ್ರಾಣಿಗೂ ತನಗೂ ನಡುವೆ ಗಟ್ಟಿಯಾದದ್ದು ಏನಾದರೂ ಇರಲಿ ಎಂದು ಅವನ ಹೆದರಿಕೆಯೂ ಹೇಳುತ್ತಿತ್ತು. ಹಿಡಿದ ಮೊಲಕ್ಕೆ ಮೂರೇ ಕಾಲು. ಅಂಗಡಿಯ ಅತಿ ಒಳ್ಳೆಯ ಗಾಜನ್ನು, ದೊಡ್ಡ ದೊಡ್ಡ ಗಿರಾಕಿಗಳು ಕೇಳಿದರೆ ಮಾತ್ರ ತೆಗೆಯುವುದನ್ನು, ಅಳೆದು ಕತ್ತರಿಸಿ ಮುಚ್ಚಳಕ್ಕೆ ಕೂಡಿಸಿದ. ದೀಪಗಳನ್ನು ಅದರ ಮೇಲೆ ತೂಗುಹಾಕಿದ. ಹಾಕಿ ನೋಡಿದರೆ ಬೆಳಕು ಹಾಲು ಚೆಲ್ಲಿದ ಹಾಗೆ ಒಳಗೆ ತುಂಬಿತು. ಥರ್ಮಾಮೀಟರು ಕಟಿಂಗ್ ಶಾಪಿನವನು ಹೇಳಿದ ಕಾವನ್ನೇ ತೋರಿಸಿತು. ಇನ್ನೇನು ಬೇಕು.

ಆ ಶನಿವಾರ ಮಗಳು ಬಸ್ಸು ಇಳಿದು ಓಡಿ ಬಂದಳು. ಬಹಳ ದಿನದ ಮೇಲೆ ಓಡಿ ಬಂದದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಕಟ್ಟಣ್ಣ ಎಳೆದು ತೆಗೆದ. ಅವಳ ಮುಖ ಅರಳಿತು; ಮೂಲೆಗಳನ್ನು ಮುಟ್ಟಿದಳು, ಮರಳುಗಾಡು ನೋಡಿ ನಕ್ಕಳು. ಆಮೇಲೆ ಕೈ ಮೇಲೆ ಹೋಗಿ ಮುಚ್ಚಳದ ಗಾಜಿಗೆ ತಗುಲಿತು. ಅಲ್ಲೇ ನಿಂತಿತು.

"ಅಪ್ಪ, ಇದು..." ಎಂದಳು.

ಅವನು ಅವಳ ಮಾತನ್ನು ಅಲ್ಲಿಗೇ ಹಿಡಿದುಕೊಂಡ. ಅದು ಎಂಥ ಗಾಜು, ಎಲ್ಲಿಂದ ಬರುತ್ತದೆ, ಕತ್ತರಿಸುವಾಗ ಎಷ್ಟು ಎಚ್ಚರ ಬೇಕು, ಒಂದು ಗೀರು ಬಿದ್ದರೂ ಹೇಗೆ ಎಸೆಯಬೇಕಾಗುತ್ತದೆ ಎಂದು ಹೇಳಿದ್ದೇ ಹೇಳಿದ್ದು. ಅವಳು ಇನ್ನೊಂದು ಸಲ ಬಾಯಿ ತೆರೆದಳು, ಅವನು ಆಗ ಮೂಲೆಯ ಕೂಡಿಕೆಯ ವಿಷಯಕ್ಕೆ ಬಂದಿದ್ದ. ಅವಳು ಬಾಯಿ ಮುಚ್ಚಿದಳು. ಎಲ್ಲ ಮುಗಿದ ಮೇಲೆ, "ಚೆನ್ನಾಗಿದೆ ಅಪ್ಪ" ಎಂದಳು.

ಮಧ್ಯಾಹ್ನ ಊಟವಾದ ಮೇಲೆ ಹೋಮ್‌ವರ್ಕ್ ಇದೆ ಎಂದಳು, ರಾತ್ರಿ ಉಳಿಯಲಿಲ್ಲ. ಬಸ್ಸಿನ ಕಿಟಕಿಯಿಂದ ಕೈ ಎತ್ತಿ ನಿಧಾನವಾಗಿ ಬೀಸಿದಳು. ಕಟ್ಟಣ್ಣನೂ ಖುಷಿಯಿಂದ ಬೀಸಿದ. ಮುಂದಿನ ಶನಿವಾರ ಮರಿ ಬರುತ್ತದೆ, ಆಮೇಲೆ ಇವಳು ಹೋಗು ಎಂದರೂ ಹೋಗುವುದಿಲ್ಲ ಎಂದುಕೊಂಡು ಮನೆಗೆ ಬಂದ.

ಮೂರು ದಿನ ಬಿಟ್ಟು ಹೆಂಡತಿಯ ಫೋನು ಬಂತು. ಮಗಳಿಗೆ ಆ ಪ್ರಾಣಿ ಬೇಡವಂತೆ, ಈ ವಾರ ಬರುವುದೂ ಇಲ್ಲವಂತೆ, ಯಾಕೆ ಎಂದು ಕೇಳಬೇಡಿ ಎಂದಳು. ಕಟ್ಟಣ್ಣನಿಗೆ ಸಿಟ್ಟು ಬಂತು. ಊಟ ನಿದ್ದೆ ಬಿಟ್ಟು ಕಟ್ಟಿದ್ದೇನೆ, ನೀನೇ ಮಗುವಿನ ತಲೆ ಕೆಡಿಸಿದ್ದೀಯ ಎಂದು ಎಗರಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳ ಗುಣವೇ ಅದು.

"ಪೆಟ್ಟಿಗೆ ನೋಡಿದಾಗ ಅವಳು ಏನಂದ್ಲು?" ಎಂದು ಕೇಳಿದಳು.

"ಏನೂ ಅನ್ಲಿಲ್ಲ. ಚೆನ್ನಾಗಿದೆ ಅಂದ್ಲು."

"ಹೇಳಿ ಹೇಳಿ ಸಾಕಾದ್ಮೇಲೆ ಚೆನ್ನಾಗಿದೆ ಅಂತಾರೆ ಕಣ್ರೀ. ನಾನೂ ಅಂದಿದ್ದೆ, ಒಂದು ವರ್ಷ" ಎಂದು ಹೇಳಿ ಫೋನು ಇಟ್ಟಳು.

ಈ ಮಾತು ಅವನಿಗೆ ನಾಟಿತು, ನಾಟಲಿಲ್ಲ ಎನ್ನುವ ಹಾಗಿಲ್ಲ. ಆದರೆ ಎಲ್ಲಿ ತಪ್ಪಿದೆ ಎಂದೇ ತಿಳಿಯದಿದ್ದರೆ ಸರಿ ಮಾಡುವುದೇನನ್ನು? ದೀಪ ಉರಿಯುತ್ತಿದೆ, ಕಾವು ಸರಿಯಾಗಿದೆ, ಮೂಲೆಯಲ್ಲಿ ಸಂದಿ ಇಲ್ಲ. ಪೆಟ್ಟಿಗೆಯ ಸುತ್ತ ತಿರುಗಿ ತಿರುಗಿ ನೋಡಿದ. ಕೊನೆಗೆ ಒಂದು ಹುಚ್ಚು ತೀರ್ಮಾನಕ್ಕೆ ಬಂದ: ಬೇಡ ಎನ್ನುವುದು ಮಕ್ಕಳ ಮುನಿಸು, ಮರಿಯನ್ನು ತಾನೇ ಹೋಗಿ ತಂದುಬಿಟ್ಟರೆ ಕರಗುತ್ತಾಳೆ. ನಾಳೆ ಬೆಳಿಗ್ಗೆಯೇ ಹೋಗಿ ತರುವುದು ಎಂದು ಗಟ್ಟಿ ಮಾಡಿಕೊಂಡ.

ಮಾರನೆಯ ಬೆಳಿಗ್ಗೆ ಅಂಗಡಿ ಮುಚ್ಚಿ ಹೊರಡಬೇಕು, ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ದೊಡ್ಡದೊಂದು ಫೋಟೋ ಸುರುಳಿ ಸುತ್ತಿಕೊಂಡು ಬಂದರು. ಬಂದ ಗಿರಾಕಿಯನ್ನು ಕಳಿಸಲು ಮನಸ್ಸಾಗಲಿಲ್ಲ. ಗೋಡೆಯ ಪಕ್ಕದ ಕಿಟಕಿಯಿಂದ ಬಿಸಿಲು ಬೀಳುತ್ತದೆ, ಫೋಟೋ ಮಾಸುತ್ತದಾ ಎಂದು ಹುಡುಗ ಕೇಳಿದ. ಇದಕ್ಕೆ ಕಟ್ಟಣ್ಣನ ಹತ್ತಿರ ಗುರು ಕಲಿಸಿದ ಗಿಳಿಪಾಠ ಇತ್ತು. ಇಪ್ಪತ್ತು ವರ್ಷದಿಂದ ಒಂದಕ್ಷರ ಬದಲಾಗಿರಲಿಲ್ಲ. ಮೇಜಿನ ಡ್ರಾಯರಿನಿಂದ ಒಂದು ತುಂಡು ಕೆಂಪು ಬಟ್ಟೆ ತೆಗೆದ. ಅದರ ಅರ್ಧ ಬಿಸಿಲಿಗೆ ಬಿಳಿಚಿ ಹೋಗಿತ್ತು, ಇನ್ನರ್ಧ ಹೊಸದರ ಹಾಗೆ ಕೆಂಪಗಿತ್ತು.

"ನೋಡಿ, ಎರಡೂ ಒಂದೇ ಬಟ್ಟೆ, ಒಂದೇ ಕಿಟಕೀಲಿ ವರ್ಷಗಟ್ಲೆ ಇದ್ದಿದ್ದು. ಈ ಕೆಂಪಗಿರೋದ್ರ ಮೇಲೆ ನಮ್ಮ ಒಳ್ಳೇ ಗಾಜು ಇತ್ತು. ಈ ಗಾಜು ಬೆಳಕು ಬಿಡುತ್ತೆ, ಬಿಸಿಲಿನ ವಿಷ ಬಿಡಲ್ಲ. ಒಳಗಿರೋದಕ್ಕೆ ಬಿಸಿಲು ತಾಗೋದೇ ಇಲ್ಲ."

"ಬೆಳಕು ಬರುತ್ತೆ ಅಂದ್ಮೇಲೆ ಬಿಸಿಲೂ ಬಂದ ಹಾಗೇ ಅಲ್ವಾ?" ಎಂದಳು ಹುಡುಗಿ.

"ಇಲ್ಲಮ್ಮ. ನೋಡೋಕೆ ಬಂದ ಹಾಗೆ ಇರುತ್ತೆ, ಒಂದು ಚೂರೂ..."

ಅಲ್ಲಿಗೆ ಅವನ ಬಾಯಿ ನಿಂತುಹೋಯಿತು. ಕೈಯಲ್ಲಿದ್ದ ಕೆಂಪು ಬಟ್ಟೆಯನ್ನೇ ನೋಡುತ್ತ ನಿಂತ. ಫೋಟೋಗೆ ಯಾವುದು ವಿಷವೋ ಆ ಪ್ರಾಣಿಗೆ ಅದೇ ಅನ್ನ. ಜನ್ಮವಿಡೀ ಬಿಸಿಲು ಒಳಗೆ ಬರದ ಹಾಗೆ ತಡೆಯುವ ಕೆಲಸ ಮಾಡಿದವನು, ಬಿಸಿಲೇ ಬೇಕು ಎಂದ ಜೀವಕ್ಕೂ ಅದನ್ನೇ ಮಾಡಿಟ್ಟಿದ್ದ, ಅದೂ ಅಂಗಡಿಯ ಅತಿ ಒಳ್ಳೆಯ ಗಾಜು ಹಾಕಿ. ನಡುವೆ ಏನೂ ಅಡ್ಡ ಇರಬಾರದು ಅಪ್ಪ. ಮೂರು ಸಲ ಹೇಳಿದ್ದಳು. ಈಗ ಆ ಮೂರೂ ಸಲದ ಅವಳ ದನಿ, ಉಸಿರು ಸಮೇತ, ಕಿವಿಯಲ್ಲಿ ಕೇಳಿಸಿತು. ಗಿರಾಕಿಗಳನ್ನು ಅಲ್ಲೇ ನಿಲ್ಲಿಸಿ, ಬೀಗದ ಅಂಗಡಿಯವನಿಗೆ ಅಂಗಡಿ ನೋಡಿಕೊ ಎಂದು ಹೇಳಿ, ಕಟ್ಟಣ್ಣ ಬಸ್ಸಿಗೆ ಓಡಿದ.

ಕಟಿಂಗ್ ಶಾಪಿನವನು ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಇವನ ಮುಖ ನೋಡಿ ಬ್ರಷ್ಷು ಕೆಳಗಿಟ್ಟ. ಮರಿ ಕೇಳೋಕೆ ಬಂದಿದ್ರೆ ಕೊಡೋಕಾಗಲ್ಲ ಸಾರ್ ಎಂದು ತಾನೇ ಶುರು ಮಾಡಿದ. ಸೋಮವಾರ ಸ್ಕೂಲು ಬಿಟ್ಟ ಮೇಲೆ ಮಗಳು ಬಂದಿದ್ದಳಂತೆ. ಬಹಳ ಹೊತ್ತು ಪೆಟ್ಟಿಗೆಯ ಮುಂದೆ ಕೂತಿದ್ದಳಂತೆ.

"ನಮ್ಮಪ್ಪಂಗೆ ಮರಿ ಕೊಡ್ಬೇಡಿ ಅಂಕಲ್ ಅಂದ್ಲು ಸಾರ್. ಯಾಕಮ್ಮ ಅಂದ್ರೆ, ಗಾಜು ಹಾಕಿದಾರೆ, ಅದು ಸತ್ತೋಗುತ್ತೆ ಅಂದ್ಲು. ಅಷ್ಟೇ ತಾನೆ, ನಾನೇ ನಿಮ್ಮಪ್ಪಂಗೆ ಹೇಳ್ತೀನಿ ಬಿಡು ಅಂದೆ. ಬೇಡ ಅಂಕಲ್, ಅಪ್ಪ ತುಂಬ ಚೆನ್ನಾಗಿ ಮಾಡಿದಾರೆ, ಬೇಜಾರಾಗ್ತಾರೆ ಅಂತ ಅತ್ತುಬಿಟ್ಲು."

ಕಟ್ಟಣ್ಣ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕುಸಿದು ಕೂತ. ಎದುರಿಗೆ ಆ ಕನ್ನಡಿ, ಅದರ ಬಿಟ್ಟುಕೊಂಡ ಕಟ್ಟು. ಇವತ್ತು ಅದರ ಕಡೆ ಕಣ್ಣು ಹೋಗಲಿಲ್ಲ. ಪೆಟ್ಟಿಗೆಯೊಳಗೆ ದೀಪದ ಕೆಳಗೆ ದೊಡ್ಡದೊಂದು ಕಾಲು ಚೆಲ್ಲಿ ಮಲಗಿತ್ತು. ಅದು ತಲೆ ಎತ್ತಿದ್ದೇ ತಡ, ಮೂಲೆಯ ಮರಿ ಮುಂಗಾಲು ಎತ್ತಿ ನಿಧಾನವಾಗಿ ಒಂದು ಸುತ್ತು ಬೀಸಿತು. ಬಸ್ಸಿನ ಕಿಟಕಿ ನೆನಪಾಯಿತು. ಅವನು ಅಂದು ಖುಷಿಯಿಂದ ತಿರುಗಿ ಕೈ ಬೀಸಿದ್ದ. ಕಟಿಂಗ್ ಶಾಪಿನ ಬೆಂಚಿನ ಮೇಲೆ, ನೊರೆ ಹಚ್ಚಿಕೊಂಡು ಕೂತ ಅಪರಿಚಿತನ ಎದುರಿಗೆ, ಕಟ್ಟಣ್ಣ ಅತ್ತ. ನೊರೆಯ ಮನುಷ್ಯ ಏನು ಮಾಡಬೇಕೆಂದು ತೋಚದೆ ಕಣ್ಣು ಮುಚ್ಚಿಕೊಂಡ.

ಯಾವ ಜಾಲರಿ, ಎಷ್ಟು ಸಣ್ಣ ಕಣ್ಣಿನದು, ಟ್ಯೂಬು ಎಷ್ಟು ಮೇಲೆ ಇರಬೇಕು ಎಂದೆಲ್ಲ ಶಾಪಿನವನು ಹೇಳಲು ಹೊರಟ. ಕಟ್ಟಣ್ಣ ಕೈ ಅಡ್ಡ ಹಿಡಿದು ಬೇಡ ಎಂದ. ಅದನ್ನು ಹೇಳುವವಳು ಬೇರೆ ಇದ್ದಾಳೆ.

ಮನೆಗೆ ಬಂದು ಮುಚ್ಚಳದ ಗಾಜು ತೆಗೆದ. ಆಮೇಲೆ ಸ್ಕೂಲು ಬಿಡುವ ಹೊತ್ತು ಕಾದು ಹೆಂಡತಿಗೆ ಫೋನು ಮಾಡಿದ; ಮಗಳಿಗೆ ಕೊಡು ಎಂದ. ಮಗಳು ಹಲೋ ಎಂದದ್ದೇ ತಡ, ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಗಾಜು ತೆಗ್ದೆ ಪುಟ್ಟಿ. ಜಾಲರಿ ಯಾವ್ದು ಹಾಕ್ಬೇಕು ಗೊತ್ತಾಗ್ತಿಲ್ಲ. ಬಂದು ಹೇಳ್ತೀಯಾ?"

ಆ ಕಡೆ ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ಕಟ್ಟಣ್ಣ ಮತ್ತೇನೂ ಹೇಳಲಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡು ಕಾಯುವುದು ಅವನಿಗೆ ಎಷ್ಟು ಕಷ್ಟವಾಯಿತೆಂದರೆ, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಶನಿವಾರ ಬಂದಳು, ಓಡಿ ಬರಲಿಲ್ಲ. ಚೀಲ ಕೆಳಗಿಡದೆ ನೇರ ಹಿಂದಿನ ಕೋಣೆಗೆ ಹೋಗಿ, ತಲೆಯಿಲ್ಲದ ಪೆಟ್ಟಿಗೆಯ ಮುಂದೆ ನಿಂತಳು. ನಾನು ಹೇಳಿದ್ದೆ ಎಂದಳು ಮೊದಲು ಸಣ್ಣಗೆ. ಆಮೇಲೆ ದನಿ ಏರಿತು. ಮೂರು ಸಲ ಹೇಳಿದ್ದೆ, ನೀನು ಮೂರು ಸಲವೂ ಹೂಂ ಅಂದೆ. ಅದು ನಮ್ಮ ಕಣ್ಣೆದುರೇ ಸೊರಗಿ ಸತ್ತುಹೋಗುತ್ತಿತ್ತು, ನೀನು ಮೂಲೆ ಎಷ್ಟು ಚೆನ್ನಾಗಿದೆ ಅಂತ ಹೇಳುತ್ತ ಕೂತಿರುತ್ತಿದ್ದೆ. ಗಾಳಿಯ ತೂತುಗಳು ತೀರ ಕೆಳಗಿವೆ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಹತ್ತಲು ಒಂದು ಕೊಂಬೆ ಇಲ್ಲ. ಈ ಮರಳುಗಾಡು ಯಾರಿಗೆ, ಅದಕ್ಕೇನು ಫೋಟೋ ಅಂತ ಗೊತ್ತಾಗುತ್ತಾ. ಮುಖವೆಲ್ಲ ಕೆಂಪಗಾಗಿ, ಮೂಗಿನಲ್ಲಿ ನೀರು ಸುರಿಯುತ್ತ, ಗಂಟಲು ಉಬ್ಬಿಸಿ ಬೈದಳು. ಕಟ್ಟಣ್ಣನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಕಣ್ಣು ಅವಳ ಮುಖದ ಮೇಲಿತ್ತು. ಬೈಸಿಕೊಂಡು ಇಷ್ಟು ಹಗುರಾದದ್ದು ಅವನಿಗೆ ಅದೇ ಮೊದಲು.

ಇಬ್ಬರೂ ಸೇರಿ ಸಂಜೆಯ ಹೊತ್ತಿಗೆ ಜಾಲರಿ ಹಾಕಿದರು. ತೂತುಗಳನ್ನು ಅವಳು ಬೆರಳಿಟ್ಟ ಕಡೆ ಹೊಸದಾಗಿ ಕೊರೆದರು. ಆಮೇಲೆ ಪೆಟ್ಟಿಗೆಯನ್ನು ಎರಡು ಕಡೆ ಹಿಡಿದು, ಅಂಗಡಿಯ ಮೆಟ್ಟಿಲು ಹತ್ತಿ, ಅವಳ ಕೋಣೆಗೆ ಒಯ್ದರು. ಮಂಚದ ಪಕ್ಕ ಇಡೋಣ ಎಂದು ಅವನ ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, ಎಲ್ಲಿಡೋಣ ಎಂದು ಕೇಳಿದ.

ಅವಳು ಪೆಟ್ಟಿಗೆ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ನಿಂತಳು.

"ಅಪ್ಪ, ಬೈಬೇಡ. ನಂಗೆ ಈ ರೂಮಲ್ಲಿ ಮಲ್ಗೋಕೆ ಆಗಲ್ಲ. ಇವೆಲ್ಲ ನೋಡ್ತಾ ಇರ್ತಾವೆ. ನಾವು ಹಂಗಿಲ್ವಲ್ಲ ಈಗ."

ಕಟ್ಟಣ್ಣ ಗೋಡೆಗಳನ್ನು ನೋಡಿದ. ಹುಟ್ಟಿದಾಗಿನದು, ಹಲ್ಲು ಬಂದಾಗಿನದು, ಮೂವರೂ ನಗುತ್ತಿರುವುದು. ಒಂದೂ ಮಾಸಿರಲಿಲ್ಲ. ಮಾಸದ ಹಾಗೆ ತಾನೇ ಮಾಡಿದ್ದು. ಎಂದೋ ಒಂದು ಸಲ ಇದೇ ಮಾತನ್ನು ಅವಳು ಬೇರೆ ರೀತಿಯಲ್ಲಿ ಕೇಳಿದ್ದಳು, ಅವನು ಮರದ ಕಥೆ ಹೇಳಿದ್ದ. ಬೇಡ, ಇದೊಂದು ಇರಲಿ ಎನ್ನಬೇಕೆನ್ನಿಸಿತು. ಅನ್ನಲಿಲ್ಲ. ಸ್ಟೂಲು ಎಳೆದು ಹತ್ತಿದ.

ಮೊದಲು ದೊಡ್ಡದನ್ನೇ ಹಿಡಿದ. ಮೊಳೆಯಿಂದ ಬಿಡಿಸಿ ಎತ್ತುತ್ತಿದ್ದಂತೆ ಹಿಂದಿನಿಂದ ಹಲ್ಲಿಯೊಂದು ಪುಳಕ್ಕನೆ ಹೊರಗೆ ಬಂದು, ಅವನ ಕೈಯ ಮೇಲೆ ಹತ್ತಿ, ಮೊಣಕೈವರೆಗೆ ಓಡಿ, ಅಲ್ಲಿಂದ ಗೋಡೆಗೆ ಹಾರಿತು. ಕಟ್ಟಣ್ಣನ ಮೈಯ ಕೂದಲೆಲ್ಲ ನೆಟ್ಟಗೆ ನಿಂತವು. ಈ ಸಲ ಟಕಟಕ ಬಡಿಯುವುದನ್ನೇ ಮರೆತಿದ್ದ.

"ಬಿಡ್ಬೇಡ ಅಪ್ಪ, ಗಾಜು ಒಡೆಯುತ್ತೆ" ಎಂದಳು ಮಗಳು ಕೆಳಗಿನಿಂದ.

ಬಿಡಲಿಲ್ಲ. ಕಟ್ಟನ್ನು ಎದೆಗೆ ಅವಚಿಕೊಂಡು ಒಂದೊಂದೇ ಕಾಲಿಟ್ಟು ಇಳಿದ.

"ಇದನ್ನ ಎಲ್ಲಿಡ್ಲಿ?" ಎಂದು ಕೇಳಿದ.

ಅವಳು ಸ್ವಲ್ಪ ಯೋಚಿಸಿ, ಬಾಗಿಲ ಹಿಂದೆ, ಗೋಡೆ ಕಡೆ ಮುಖ ಮಾಡಿ ಎಂದಳು. ಅವನು ಹಾಗೇ ಇಟ್ಟ.